ದೊಡ್ಡ ವೀಲ್ ಹಾಕಿಸಿದರೆ ಪಿಕಪ್ ಜಾಸ್ತಿ ಲೋಡ್ ಹೊರುತ್ತದೆಯೇ?

1.3 ಟನ್ ಪಿಕಪ್‌ಗೆ 15 ಇಂಚಿನ ವೀಲ್ ಬದಲು 17 ಇಂಚಿನ ಅಲಾಯ್ ಹಾಕಿಸಿ, ಮೇಲೆ ಕ್ಯಾರಿಯರ್, ಮುಂದೆ ಗಾರ್ಡ್ ಕೂಡಿಸಿದರೆ 1.7 ಟನ್ ಹೇರಬಹುದಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಈಗಿರುವ 1.3 ಟನ್ ಕೂಡ ನಿಮಗೆ ಉಳಿಯುವುದಿಲ್ಲ.

ನಾನು ಭರಮಸಾಗರದ ಕಡೆಯವನು. ನಾನು ಹಾಕಿಸಿದ್ದು 16 ಇಂಚಿನ ಅಲಾಯ್, ಅಗಲವಾದ 225/75 ಟೈರು. ದಾವಣಗೆರೆಯ ಒಂದು ಅಂಗಡಿಯಲ್ಲಿ. ಗಾಡಿ ನಿಂತ ಠೀವಿಯೇ ಬೇರೆ ಆಯಿತು. ಟೈರು ಅಗಲ ಇದೆ, ಭಾರ ಚೆನ್ನಾಗಿ ತಡೆಯುತ್ತದೆ ಅಂತಲೇ ನಂಬಿದ್ದೆ. ಈರುಳ್ಳಿ ಸೀಸನ್‌ನಲ್ಲಿ ಯಶವಂತಪುರದ ಮಂಡಿಗೆ ಲೋಡ್ ಹಾಕಿಕೊಂಡು ಹೊರಟೆ. ಲೋಡು ಆರ್‌ಸಿ ಮಿತಿಯೊಳಗೇ ಇತ್ತು, ಇದನ್ನು ಒತ್ತಿ ಹೇಳುತ್ತೇನೆ. ಚಿತ್ರದುರ್ಗ ದಾಟಿ ಐಮಂಗಲದ ಹತ್ತಿರ ಹಿಂದಿನ ಎಡಗಡೆ ಟೈರು ಸಿಡಿಯಿತು. ರಸ್ತೆಗೆ ತಾಗುವ ಮೇಲಿನ ಗುಂಡಿ (ಟ್ರೆಡ್) ಸವೆದೇ ಇರಲಿಲ್ಲ, ಒಡೆದದ್ದು ಪಕ್ಕದ ಗೋಡೆ. ಒಳಗಿನ ದಾರ ಎಳೆ ಎಳೆಯಾಗಿ ಹೊರಗೆ ಬಂದಿತ್ತು. ಟೈರಿನೊಳಗೆ ಕೈ ಹಾಕಿದರೆ ಕಪ್ಪು ರಬ್ಬರ್ ಪುಡಿ, ಬಿಸಿ ಬಿಸಿ, ಹಿಡಿ ತುಂಬಾ ಬಂತು.

ಸ್ಟೆಪ್ನಿ ಇತ್ತು, ಆದರೆ ಅದು ಹಳೆಯ 15 ಇಂಚಿನದು. ಲೋಡ್ ಗಾಡಿಯ ಹಿಂದೆ ಒಂದು ಗಿಡ್ಡ, ಒಂದು ಎತ್ತರದ ಟೈರು ಹಾಕಿ ಬೆಂಗಳೂರಿನವರೆಗೆ ಓಡಿಸಿದರೆ ಹಿಂದಿನ ಎರಡು ವೀಲ್‌ಗೆ ಎಂಜಿನ್ ಶಕ್ತಿ ಹಂಚುವ ಡಿಫರೆನ್ಶಿಯಲ್ ಕೆಡುತ್ತದೆ. ಬೇರೆ ಗಾಡಿ ಕರೆಸಿ ಚೀಲ ಬದಲಾಯಿಸುವಷ್ಟರಲ್ಲಿ ಮಳೆ ಹಿಡಿಯಿತು. ನೆಂದ ಈರುಳ್ಳಿಗೆ ಮಂಡಿಯಲ್ಲಿ ಎಷ್ಟು ಬೆಲೆ ಕಟ್ಟುತ್ತಾರೆ ಅಂತ ನಿಮಗೂ ಗೊತ್ತು.

ತಪ್ಪು ಎಲ್ಲಿತ್ತು ಅಂದರೆ, ಟೈರಿನ ಅಗಲ, ಎತ್ತರ ನೋಡಿದ್ದೆ, ಸೈಜ್ ಪಕ್ಕದಲ್ಲಿದ್ದ ನಂಬರ್ ನೋಡಿರಲಿಲ್ಲ. ಅದೇ ಲೋಡ್ ಇಂಡೆಕ್ಸ್. ಅದು ಕೆಜಿ ಅಲ್ಲ, ಕೋಡ್. 100 ಅಂದರೆ ಒಂದು ಟೈರಿಗೆ 800 ಕೆಜಿ, 104 ಅಂದರೆ 900, 108 ಅಂದರೆ 1000, 110 ಅಂದರೆ 1060, 112 ಅಂದರೆ 1120. ನನ್ನ ಹಳೆಯ ಟೈರಿನ ಮೇಲೆ 110 ಇತ್ತು, ಹೊಸದರ ಮೇಲೆ 104. ಹಿಂದಿನ ಎರಡು ಟೈರು ಸೇರಿ ಮೊದಲು 2120 ಕೆಜಿ ತಡೆಯುತ್ತಿದ್ದವು, ಆಮೇಲೆ 1800. ದೊಡ್ಡ ಟೈರು ಹಾಕಿಸಿ 320 ಕೆಜಿ ತಾಕತ್ತು ಕಳೆದುಕೊಂಡಿದ್ದೆ.

ಗಾಳಿಯದ್ದೂ ಅಷ್ಟೇ. ಭಾರ ಹೊರುವುದು ಹೆಚ್ಚಾಗಿ ಒಳಗಿನ ಗಾಳಿ, ರಬ್ಬರ್ ಅಲ್ಲ. ಲೋಡ್ ಗಾಡಿಯ ಟೈರಿಗೆ 60 ಪಿಎಸ್‌ಐ ದಾಟಿ ಗಾಳಿ ಹಾಕಬಹುದು. ನಾನು ಹಾಕಿಸಿದ್ದು ಎಸ್‌ಯುವಿ ಟೈರು, ಅದರ ಗೋಡೆಯ ಮೇಲೆ 44ಕ್ಕೆ ಮಿತಿ ಅಂತ ಬರೆದಿತ್ತು. 1800 ಅನ್ನುವ ಲೆಕ್ಕ ಕೂಡ ಗಾಳಿ ಸರಿಯಾಗಿದ್ದರೆ ಮಾತ್ರ. ಗಾಳಿ ಕಡಿಮೆ ಆದರೆ ಪಕ್ಕದ ಗೋಡೆ ಸುತ್ತಿಗೊಮ್ಮೆ ಮಡಚಿ ಬಿಚ್ಚುತ್ತದೆ, ಕಾಯುತ್ತದೆ, ಒಳಗಿಂದ ಸವೆಯುತ್ತದೆ. ನನ್ನ ಕೈಗೆ ಬಂದ ಆ ಪುಡಿ ಅದೇ. ರಿಮ್‌ಗೂ ಬೇರೆಯೇ ಮಿತಿ ಇದೆ. ಒಳ್ಳೆಯ ಅಲಾಯ್‌ಗಳಲ್ಲಿ ಹಿಂಭಾಗದಲ್ಲಿ ಮ್ಯಾಕ್ಸ್ ಲೋಡ್ ಅಂತ ಕೆಜಿ ಅಚ್ಚು ಹಾಕಿರುತ್ತಾರೆ. ಆ ಅಚ್ಚು ಇಲ್ಲದ ರಿಮ್ ಲೋಡ್ ಗಾಡಿಗೆ ಬೇಡವೇ ಬೇಡ.

ಈಗ ನಿಮ್ಮ ಕ್ಯಾರಿಯರ್, ಗಾರ್ಡ್. ಆರ್‌ಸಿಯಲ್ಲಿ ಎರಡು ತೂಕ ಇರುತ್ತವೆ, ಖಾಲಿ ಗಾಡಿಯದು ಮತ್ತು ಲೋಡ್ ಸೇರಿದ ಒಟ್ಟು ತೂಕ. ಆ ಒಟ್ಟು ತೂಕದ ಮಿತಿ ನೀವು ಏನು ಹಾಕಿಸಿದರೂ ಬದಲಾಗುವುದಿಲ್ಲ. ಹಾಗಾಗಿ ಗಾಡಿಗೆ ಸೇರಿಸಿದ ಪ್ರತಿ ಕೆಜಿ ಕಬ್ಬಿಣವೂ ಮಾಲಿನ ಪಾಲಿನದ್ದು. ಕ್ಯಾರಿಯರ್, ಗಾರ್ಡ್, ತಳಕ್ಕೆ ತಗಡು, ಭಾರದ ವೀಲ್ ಎಲ್ಲ ಸೇರಿ ಒಂದು ಕ್ವಿಂಟಲ್ ಆದರೆ ಪ್ರತಿ ಟ್ರಿಪ್‌ನಲ್ಲೂ ಒಂದು ಕ್ವಿಂಟಲ್ ಬಾಡಿಗೆ ಹೋಯಿತು. ಅಮೆರಿಕದಲ್ಲಿ ಪಿಕಪ್ ಬಾಗಿಲ ಕಂಬಕ್ಕೆ ಆ ಗಾಡಿ ಎಷ್ಟು ಹೊರಬಹುದು ಅಂತ ಚೀಟಿ ಅಂಟಿಸಿರುತ್ತಾರೆ. ಒಂದೇ ಮಾಡೆಲ್ ಆದರೂ ದೊಡ್ಡ ವೀಲ್, ಸನ್‌ರೂಫ್, ಫೋರ್ ವೀಲ್ ಡ್ರೈವ್ ಇರುವುದಕ್ಕೆ ಸಾಮಾನ್ಯವಾಗಿ ಆ ಅಂಕಿ ಕಡಿಮೆ. ನಮ್ಮಲ್ಲಿ ಆ ಲೆಕ್ಕ ನಾವೇ ಮಾಡಿಕೊಳ್ಳಬೇಕು.

ಎತ್ತರದ ಟೈರಿಗೆ ಗೇರ್ ಕೂಡ ಭಾರ ಬೀಳುತ್ತದೆ. ಏರಿನಲ್ಲಿ ಲೋಡ್ ಸಮೇತ ನಿಂತು ಎತ್ತುವಾಗ ಕ್ಲಚ್ ವಾಸನೆ ಬರಲು ಶುರುವಾಗಿತ್ತು. ಬ್ರೇಕ್ ಹಿಡಿಯುವುದೂ ತಡ. ಸ್ಪೀಡೋಮೀಟರ್ 60 ತೋರಿಸಿದರೆ ಓಡುವುದು 63ರ ಮೇಲೆ.

ಇನ್ನು 1.7 ಟನ್ ಆಸೆ. ಕಂಪನಿ 1.3 ಬೇರೆ, 1.7 ಬೇರೆ ಅಂತ ಸುಮ್ನೆ ಮಾರುವುದಿಲ್ಲ. ಆಕ್ಸಲ್, ಹಿಂದಿನ ಸ್ಪ್ರಿಂಗ್ ಪ್ಲೇಟು, ಬ್ರೇಕ್, ಫ್ರೇಮ್, ಟೈರು ಎಲ್ಲದರಲ್ಲೂ ತೀರಾ ಬಡವಾಗಿರುವುದು ಎಷ್ಟು ಹೊರುತ್ತದೋ ಗಾಡಿ ಅಷ್ಟೇ ಹೊರುತ್ತದೆ. ಟೈರು ಒಂದನ್ನೇ ಬದಲಾಯಿಸಿದರೆ ಉಳಿದದ್ದು ಎಲ್ಲಿಂದ ಬರುತ್ತದೆ? 1.7 ಟನ್ ಮಾಲು ದಿನಾ ಸಿಗುವುದಾದರೆ ಈ ಗಾಡಿ ಕೊಟ್ಟು 1.7ರದ್ದನ್ನೇ ತೆಗೆದುಕೊಳ್ಳಿ. ಅಲಾಯ್ ದುಡ್ಡನ್ನು ಅದಕ್ಕೆ ಸೇರಿಸಿ. ಓವರ್‌ಲೋಡ್‌ಗೆ 2019ರ ತಿದ್ದುಪಡಿಯ ನಂತರ ಕಾಯ್ದೆಯಲ್ಲೇ 20,000 ರೂಪಾಯಿ ದಂಡ ಇದೆ, ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000, ಜಾಸ್ತಿ ಮಾಲನ್ನು ಅಲ್ಲೇ ಇಳಿಸಬೇಕು. ಹೈವೇ ಪಕ್ಕ ಈರುಳ್ಳಿ ಇಳಿಸಿ ಎಲ್ಲಿಡುತ್ತೀರಿ?

ಏನೂ ಹಾಕಿಸುವ ಮೊದಲು ಒಂದು ಕೆಲಸ ಮಾಡಿ. ಟ್ಯಾಂಕ್ ತುಂಬಿಸಿ, ಡ್ರೈವರ್ ಕೂತು, ಖಾಲಿ ಗಾಡಿಯನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ. ಆಮೇಲೆ ಮಾಮೂಲಿ ಲೋಡ್ ಹಾಕಿ ಪೂರ್ತಿ ಗಾಡಿ ತೂಗಿಸಿ, ಕೊನೆಗೆ ಹಿಂದಿನ ಎರಡು ವೀಲ್ ಮಾತ್ರ ಹತ್ತಿಸಿ ತೂಗಿಸಿ. ನಾನು ಆಮೇಲೆ ತೂಗಿಸಿದಾಗ ಹಿಂದಿನ ಆಕ್ಸಲ್ ಮೇಲೇ ಎರಡು ಟನ್ ಹತ್ತಿರ ಬಂತು. 1800ರ ಟೈರು ಅದನ್ನು ಹೇಗೆ ತಡೆದೀತು, ಅಲ್ವಾ? ಈಗ ಕಂಪನಿಯ 15 ಇಂಚಿನ ಸ್ಟೀಲ್ ರಿಮ್ಮೇ ಇದೆ, ಸ್ಟೆಪ್ನಿ ಸೇರಿ ಐದೂ ಒಂದೇ ಸೈಜ್. ನಿಮ್ಮ ಟೈರಿನ ಲೋಡ್ ಇಂಡೆಕ್ಸ್, ಆರ್‌ಸಿಯ ಎರಡು ತೂಕ, ಹಿಂದಿನ ಆಕ್ಸಲ್ ತೂಕ ಇಲ್ಲಿ ಬರೆಯಿರಿ. ಕ್ಯಾರಿಯರ್‌ಗೆ ಜಾಗ ಇದೆಯೋ ಇಲ್ಲವೋ ಲೆಕ್ಕ ಹಾಕಿ ಹೇಳುತ್ತೇನೆ.