ಟೈರ್ ಅಂಗಡಿಯ ಕೆಲಸಕ್ಕೆ ಕೋರ್ಸ್ ಮಾಡಬೇಕೇ, ನೇರವಾಗಿ ಸೇರಬೇಕೇ?

ಎಸ್ಸೆಸ್ಸೆಲ್ಸಿ ಮುಗಿಸಿದ್ದೀರಿ, 35 ಸಾವಿರ ಶುಲ್ಕದ ಮೂರು ತಿಂಗಳ ಖಾಸಗಿ ಕೋರ್ಸಿಗೆ ಸೇರಬೇಕೇ, ನೇರವಾಗಿ ಟೈರ್ ಅಂಗಡಿಗೆ ಹೋಗಬೇಕೇ ಎಂದು ಕೇಳಿದ್ದೀರಿ. 2011ರಲ್ಲಿ ದಾವಣಗೆರೆಯಲ್ಲಿ ನಾನೂ ಇದೇ ಗೊಂದಲದಲ್ಲಿದ್ದೆ. ಕಟ್ಟಲು ಹಣವಿಲ್ಲದ ಕಾರಣ ಹೆದ್ದಾರಿ ಬದಿಯ ಅಂಗಡಿಯೊಂದಕ್ಕೆ ಸೇರಿಕೊಂಡೆ.

ಮೂರೇ ತಿಂಗಳಲ್ಲಿ ಟ್ಯೂಬ್‌ಲೆಸ್ ಪಂಕ್ಚರ್ ಹಾಕುವುದು, ರಿಮ್ಮಿನಿಂದ ಟೈರು ಬಿಚ್ಚುವುದು, ಬ್ಯಾಲೆನ್ಸಿಂಗ್ ಯಂತ್ರ ತೋರಿಸಿದ ಜಾಗದಲ್ಲಿ ಸೀಸದ ತುಂಡು ಕೂರಿಸುವುದು ಎಲ್ಲವೂ ಕೈಗೆ ಬಂತು. ಟೈರಿನ ಪಕ್ಕೆಯಲ್ಲಿ 3210 ಎಂದಿದ್ದರೆ ಅದು 2010ರ 32ನೇ ವಾರದಲ್ಲಿ ತಯಾರಾದದ್ದು ಎಂದು ಗಿರಾಕಿಗಳಿಗೆ ಓದಿ ಹೇಳುತ್ತಿದ್ದೆ. ಕೆಲಸ ಕಲಿತೆನೆಂದೇ ನಂಬಿದ್ದೆ.

ಐದನೆಯ ತಿಂಗಳು, ಹರಿಹರಕ್ಕೆ ಹೊರಟಿದ್ದ ಕುಟುಂಬವೊಂದರ ಕಾರಿಗೆ ಮುಂದಿನ ಎಡ ಚಕ್ರ ಹಾಕಿದೆ. ಕಾರು ಜಾಕಿಯ ಮೇಲೆಯೇ ಇತ್ತು. ನಾಲ್ಕು ನಟ್ಟುಗಳನ್ನೂ ಕೈಯಿಂದ ಕೂರಿಸಿ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುವ ಬದಲು, ಮೊದಲನೆಯದನ್ನೇ ಗಾಳಿ ಗನ್ನಿನಿಂದ ಪೂರ್ತಿ ಬಿಗಿದು, ಪಕ್ಕದ್ದಕ್ಕೆ ಹೋಗಿ, ಸುತ್ತು ಮುಗಿಸಿದೆ. ರಿಮ್ಮು ಒರಗಿ ಕೂರುವ ಹಬ್ (ಚಕ್ರದ ಗುಂಬ) ಮೇಲೆ ಹಕ್ಕಳೆ ಕಟ್ಟಿದ್ದ ತುಕ್ಕನ್ನೂ ಉಜ್ಜಿರಲಿಲ್ಲ. ಆಗ ಏನಾಗುತ್ತದೆಂದರೆ, ಮೊದಲ ನಟ್ಟು ರಿಮ್ಮನ್ನು ಒಂದು ಕಡೆಗೆ ಎಳೆದು ಹಿಡಿಯುತ್ತದೆ; ಎದುರಿನ ಬದಿಯಲ್ಲಿ ರಿಮ್ಮಿಗೂ ಹಬ್ಬಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಗನ್ನು ನಿಂತ ಸದ್ದು ಕೇಳಿದವನಿಗೆ ನಾಲ್ಕೂ ಬಿಗಿಯಾಗಿವೆ ಎನಿಸುತ್ತದೆ, ಆದರೆ ಗನ್ನಿಗೆ ತಿಳಿಯುವುದು ನಟ್ಟು ತಿರುಗಲಿಲ್ಲ ಎಂಬುದಷ್ಟೇ, ರಿಮ್ಮು ಸಮವಾಗಿ ಕೂತಿದೆಯೇ ಎಂಬುದಲ್ಲ. ಕಾರಿನ ಭಾರ ಬಿದ್ದು ಚಕ್ರ ಉರುಳಿದಂತೆ ತುಕ್ಕು ಪುಡಿಯಾಗಿ ರಿಮ್ಮು ತನ್ನ ಜಾಗಕ್ಕೆ ಸರಿಯುತ್ತದೆ, ಆ ಸಂದಿನಷ್ಟು ನಟ್ಟುಗಳು ಸಡಿಲವಾಗುತ್ತವೆ, ಸಡಿಲವಾದ ರಿಮ್ಮು, ನಟ್ಟು ಕೂರುವ ಬೋಲ್ಟುಗಳಾದ ಸ್ಟಡ್ಡುಗಳನ್ನು ತಿನ್ನತೊಡಗುತ್ತದೆ. ಜಾಕಿ ಇಳಿಸಿದ ಮೇಲೆ ಟಾರ್ಕ್ ರೆಂಚಿನಿಂದ, ಅಂದರೆ ಹೊಂದಿಸಿದಷ್ಟು ಬಿಗಿತ ಬಂದೊಡನೆ ಟಕ್ ಎನ್ನುವ ಪಾನಾದಿಂದ, ಒಮ್ಮೆ ನೋಡಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಅಂಗಡಿಯಲ್ಲಿ ಅದು ಇರಲಿಲ್ಲ. ಅಂಥದ್ದೊಂದು ಉಪಕರಣ ಇದೆಯೆಂಬುದೂ ನನಗೆ ತಿಳಿದಿರಲಿಲ್ಲ.

ಹರಿಹರ ತಲುಪುವ ಮುನ್ನವೇ ಸ್ಟಿಯರಿಂಗ್ ನಡುಗತೊಡಗಿ ಚಾಲಕರು ಕಾರು ನಿಲ್ಲಿಸಿದರು. ಎರಡು ಸ್ಟಡ್ಡು ಮುರಿದಿದ್ದವು. ರಿಮ್ಮಿನ ತೂತುಗಳು ಮೊಟ್ಟೆಯಾಕಾರಕ್ಕೆ ಸವೆದಿದ್ದವು. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳಿದ್ದರು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಆ ತೂತುಗಳು ಇಂದಿಗೂ ನನ್ನ ಕಣ್ಣ ಮುಂದಿವೆ. ಮಾಲೀಕರು ಎರಡು ತಿಂಗಳ ಸಂಬಳ ಹಿಡಿದುಕೊಂಡು ನನ್ನನ್ನು ಕಳುಹಿಸಿದರು.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ. ನೀವು ಮಾಡಿದ ಕೆಲಸವನ್ನು ಇನ್ನೊಬ್ಬರು ಮುಟ್ಟಿ ನೋಡುವ ಜಾಗ ಯಾವುದೆಂದು ಕೇಳಿ. ನಾನು ಐದು ತಿಂಗಳು ಒಂದೇ ತಪ್ಪನ್ನು ದಿನವೂ ಮಾಡುತ್ತಿದ್ದೆ, ಅದನ್ನೇ ಅನುಭವವೆಂದು ಕರೆಯುತ್ತಿದ್ದೆ. 35 ಸಾವಿರವನ್ನಂತೂ ಕಟ್ಟಬೇಡಿ. ಸರ್ಕಾರಿ ಐಟಿಐಯಲ್ಲಿ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ತರಬೇತಿ ಎರಡು ವರ್ಷದ್ದು. ಆ ಘಟನೆಯ ನಂತರ ನಾನು ಅಲ್ಲಿಗೇ ಹೋದೆ. ಅಷ್ಟು ಸಮಯವಿಲ್ಲದಿದ್ದರೆ, ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಊಟ, ವಸತಿಯೊಡನೆ ಉಚಿತವಾಗಿ ದ್ವಿಚಕ್ರ ವಾಹನ ದುರಸ್ತಿ ಕಲಿಸುತ್ತದೆ.

ಅಂಗಡಿಗೇ ಸೇರುವುದಾದರೆ, ಮಾತನಾಡುವ ಮೊದಲು ಅರ್ಧ ಗಂಟೆ ಹೊರಗೆ ನಿಂತು ನೋಡಿ. ಜಾಕಿ ಇಳಿದ ಮೇಲೆ ಯಾರಾದರೂ ಟಾರ್ಕ್ ರೆಂಚ್ ಹಿಡಿಯುತ್ತಾರೆಯೇ? ನಟ್ಟಿನ ಬಿಗಿತವನ್ನು ನ್ಯೂಟನ್ ಮೀಟರ್‌ನಲ್ಲಿ ಅಳೆಯುತ್ತಾರೆ; ಸಾಮಾನ್ಯ ಕಾರುಗಳಿಗೆ ಅದು 90ರಿಂದ 120ರ ಒಳಗೆ ಬರುತ್ತದೆ. ನಿಖರ ಸಂಖ್ಯೆ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಯಾರೂ ಹಿಡಿಯದಿದ್ದರೆ, ಸಂಬಳ ಎಷ್ಟೇ ಇರಲಿ, ಬೇರೆ ಅಂಗಡಿ ಹುಡುಕಿ.

ಈಗ ಹುಬ್ಬಳ್ಳಿಯ ವರ್ಕ್‌ಶಾಪ್ ಒಂದರಲ್ಲಿ ಟೈರ್ ವಿಭಾಗ ನನ್ನ ಹೊಣೆ. ಹೊಸ ಹುಡುಗನಿಗೆ ಮೊದಲ ತಿಂಗಳು ಗನ್ನು ಕೊಡುವುದಿಲ್ಲ. ತಂತಿ ಬ್ರಷ್ಷಿನಿಂದ ಹಬ್ ಉಜ್ಜುವುದು, ನಟ್ಟನ್ನು ಬೆರಳಿನಿಂದ ಮೂರು ಸುತ್ತು ತಿರುಗಿಸುವುದು, ಕೊನೆಯಲ್ಲಿ ರೆಂಚಿನ ಟಕ್ ಸದ್ದನ್ನು ಪ್ರತಿ ನಟ್ಟಿಗೂ ನನಗೆ ಕೇಳಿಸುವುದು, ಇಷ್ಟೇ ಅವನ ಕೆಲಸ. ಗಿರಾಕಿ 50 ಕಿಲೋಮೀಟರ್ ಓಡಿಸಿ ಮತ್ತೆ ಬಂದಾಗ ಅದೇ ಹುಡುಗನೇ ಅದೇ ಚಕ್ರವನ್ನು ಪುನಃ ಪರೀಕ್ಷಿಸಬೇಕು.