ಟಿಪ್ಸ್ ಕೊಡಲೇಬೇಕಾ ಅಂತ ಕೇಳಿದ ತಮ್ಮನಿಗೆ

ಅಕ್ಕಾ ಅಂತ ಕರೆದು ಬರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಉತ್ತರ ಬರೆಯುತ್ತೇನೆ. ಎಂ.ಎಸ್. ಓದೋಕೆ ಅಮೆರಿಕದ ಡಲ್ಲಾಸ್‌ಗೆ ಬಂದು ನಿನಗಿನ್ನೂ ಆರು ವಾರ. ಹೋದ ಶನಿವಾರ ರೂಮಿನ ಐದು ಜನ ಹೋಟೆಲಿಗೆ ಹೋದಿರಿ. 96 ಡಾಲರ್ ಬಿಲ್ಲಾಯಿತು. ಟಿಪ್ಸ್ ಅಂತ 3 ಡಾಲರ್ ಇಟ್ಟು ಎದ್ದಿರಿ. ಬಡಿಸಿದ ಹುಡುಗಿಯ ಮುಖ ಸಪ್ಪಗಾಯಿತು. ಅವತ್ತಿಂದ ನಿನಗೆ ಏನೋ ಕಸಿವಿಸಿ. "ಊಟಕ್ಕೆ ದುಡ್ಡು ಕೊಟ್ಟಾಯ್ತಲ್ಲ, ಅವಳಿಗೆ ಸಂಬಳ ಕೊಡಬೇಕಾದವನು ಮಾಲೀಕ ಅಲ್ವಾ?" ಅಂತ ಕೇಳಿದ್ದೀಯ.

ನ್ಯಾಯ ನೋಡಿದರೆ ನೀನು ಹೇಳೋದು ಸರಿ. ಆದರೆ ನಾವಿರುವ ಈ ಟೆಕ್ಸಾಸ್ ರಾಜ್ಯದಲ್ಲಿ ಮಾಲೀಕ ಅವಳಿಗೆ ಎಷ್ಟು ಕೊಟ್ಟರೆ ಸಾಕು ಗೊತ್ತಾ? ಗಂಟೆಗೆ 2 ಡಾಲರ್ 13 ಸೆಂಟ್. ಇಲ್ಲಿನ ಕೇಂದ್ರ ಸರ್ಕಾರದ ಕಾನೂನು 1991ರಿಂದ ಆ ಅಂಕಿಯನ್ನು ಮುಟ್ಟಿಲ್ಲ. ಉಳಿದ ಕೆಲಸಗಾರರ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಟಿಪ್ಸ್ ಸೇರಿಸಿಯೂ ಅಷ್ಟು ಆಗದಿದ್ದರೆ ಮಾತ್ರ ಕಡಿಮೆ ಬಿದ್ದದ್ದನ್ನು ಮಾಲೀಕ ತುಂಬಿಕೊಡಬೇಕು. ಅಂದರೆ ಅವಳ ಸಂಬಳದ ದೊಡ್ಡ ಪಾಲು ಊಟಕ್ಕೆ ಕೂತವರ ಜೇಬಿನಿಂದಲೇ ಬರಬೇಕು ಅಂತ ಮೊದಲೇ ಲೆಕ್ಕ ಹಾಕಿಟ್ಟಿದ್ದಾರೆ. ಮೆನುವಿನಲ್ಲಿ ಇರೋದು ಪೂರ್ತಿ ಬೆಲೆ ಅಲ್ಲ.

ನನಗೂ ಇದು ಮೊದಲು ಗೊತ್ತಿರಲಿಲ್ಲ. ಬಂದ ಹೊಸತರಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿ ಒಬ್ಬರು ಹೆಂಗಸು ಇದ್ದರು. ಹೋಟೆಲಿನಲ್ಲಿ ಬಡಿಸುವ ಕೆಲಸ. ಒಂದು ಭಾನುವಾರ ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕಿದರು. ವಾಷಿಂಗ್ ಮಷೀನ್ ಮೇಲೆ ಒಂದು ಡಾಲರಿನ ನೋಟುಗಳನ್ನು ಹರಡಿಕೊಂಡು, ಮಡಿಕೆ ಬಿಡಿಸಿ ಎಣಿಸುತ್ತಿದ್ದರು. ಮಾತಿಗೆ ಮಾತು ಬಂದು, ಚೀಲದಿಂದ ಸಂಬಳದ ಚೀಟಿ ತೆಗೆದು ತೋರಿಸಿದರು. ಎರಡು ವಾರ, 61 ಗಂಟೆ ಕೆಲಸ. ಮಾಲೀಕನ ಕಡೆಯಿಂದ 130 ಡಾಲರ್ ಹತ್ತಿರ. ಕೆಳಗೆ ಕೈಗೆ ಬರುವ ಮೊತ್ತ ಅನ್ನೋ ಕಡೆ ಸೊನ್ನೆ ಸೊನ್ನೆ ಸೊನ್ನೆ. ಟಿಪ್ಸ್ ಮೇಲಿನ ತೆರಿಗೆಯನ್ನೂ ಆ 130ರಲ್ಲೇ ಹಿಡಿದುಕೊಂಡಿದ್ದರು. ಮಷೀನ್ ಮೇಲಿದ್ದ ಆ ನೋಟುಗಳೇ ಅವರ ಮನೆ ಬಾಡಿಗೆ, ಮಗನ ಶೂಸು, ಎಲ್ಲ. ಆ ಚೀಟಿ ನೋಡಿದ ಮೇಲೆ ನನಗೆ ಟಿಪ್ಸ್ ಕೊಡುವಾಗ ಕೈ ಹಿಂದೆ ಹೋಗಿಲ್ಲ.

ಇನ್ನೊಂದು ವಿಷಯ. ಎಷ್ಟೋ ಹೋಟೆಲುಗಳಲ್ಲಿ ಬಡಿಸುವವರು ತಮ್ಮ ಟಿಪ್ಸ್‌ನಲ್ಲಿ ಮೇಜು ಒರೆಸುವ ಹುಡುಗರಿಗೂ ಪಾಲು ಕೊಡಬೇಕು. ಆ ಪಾಲನ್ನು ಕೆಲವು ಕಡೆ ಒಟ್ಟು ಬಿಲ್ಲಿನ ಮೇಲೆ ಲೆಕ್ಕ ಹಾಕುತ್ತಾರೆ. ನೀವು 96 ಡಾಲರಿಗೆ 3 ಇಟ್ಟು ಬಂದರೆ, ನಿಮ್ಮ ಮೇಜಿನ ಪಾಲನ್ನು ಅವಳು ಬೇರೆ ಮೇಜಿನ ದುಡ್ಡಿನಿಂದ ಕೊಟ್ಟಿರಬಹುದು. ಅವಳ ಮುಖ ಸಪ್ಪಗಾಗಿದ್ದು ಸುಮ್ನೆ ಅಲ್ಲ.

ಎಷ್ಟು ಕೊಡಬೇಕು? ಕೂತು ಉಣ್ಣುವ ಕಡೆ 18ರಿಂದ 20 ಪರ್ಸೆಂಟ್. 15ಕ್ಕಿಂತ ಕೆಳಗೆ ಇಳಿಯಬೇಡ. ತೆರಿಗೆ ಸೇರಿಸುವ ಮುಂಚಿನ ಮೊತ್ತದ ಮೇಲೆ ಲೆಕ್ಕ ಹಾಕಿದರೆ ಸಾಕು. ನಮ್ಮ ಡಲ್ಲಾಸ್‌ನಲ್ಲಿ ಒಂದು ಸುಲಭದ ದಾರಿ ಇದೆ. ಊಟದ ಮೇಲಿನ ತೆರಿಗೆ 8.25 ಪರ್ಸೆಂಟ್. ಅದನ್ನು ಎರಡರಷ್ಟು ಮಾಡಿದರೆ ಹದಿನಾರೂವರೆ, ಮೇಲೆ ಸ್ವಲ್ಪ ಸೇರಿಸು. 40 ಡಾಲರ್ ಊಟಕ್ಕೆ ತೆರಿಗೆ 3.30, ಟಿಪ್ಸ್ 8 ಇಟ್ಟರೆ ಚೆನ್ನಾಗಿರುತ್ತದೆ. 8 ಡಾಲರ್ ಅಂದರೆ ಇಷ್ಟು ರೂಪಾಯಿ ಅಂತ ತಲೆಯಲ್ಲಿ ಗುಣಿಸೋಕೆ ಹೋಗಬೇಡ. ಗುಣಿಸಿದರೆ ಇಲ್ಲಿ ಹೇರ್ ಕಟ್ ಕೂಡ ಮಾಡಿಸೋಕಾಗಲ್ಲ. (ಹೇರ್ ಕಟ್‌ಗೂ 15ರಿಂದ 20 ಪರ್ಸೆಂಟ್ ಕೊಡಬೇಕು.)

ಕಾರ್ಡ್ ಕೊಟ್ಟರೆ ಎರಡು ಚೀಟಿ ತಂದಿಡುತ್ತಾರೆ. ಒಂದರಲ್ಲಿ ಟಿಪ್ ಅಂತ ಇರುವ ಗೆರೆಯ ಮೇಲೆ 8 ಬರೆದು, ಒಟ್ಟು 51.30 ಅಂತ ಹಾಕಿ, ಸಹಿ ಮಾಡಿ ಅಲ್ಲೇ ಬಿಡು. ಇನ್ನೊಂದು ನಿನ್ನದು. ಮೊದಲು ನಿನ್ನ ಬ್ಯಾಂಕ್ ಆಪ್‌ನಲ್ಲಿ 43.30 ಅಂತಲೇ ಕಾಣುತ್ತದೆ, ಒಂದೆರಡು ದಿನದಲ್ಲಿ 51.30 ಆಗುತ್ತದೆ. ಮೋಸ ಆಯಿತು ಅಂತ ಬ್ಯಾಂಕಿಗೆ ಫೋನ್ ಮಾಡಬೇಡ.

ಆರು ಜನ, ಅದಕ್ಕಿಂತ ಜಾಸ್ತಿ ಹೋದರೆ ಬಿಲ್ಲನ್ನು ಸರಿಯಾಗಿ ಓದು. ಎಷ್ಟೋ ಕಡೆ 'ಗ್ರಾಚ್ಯುಟಿ' ಅಂತ 18 ಪರ್ಸೆಂಟ್ ಮೊದಲೇ ಸೇರಿಸಿರುತ್ತಾರೆ. ನಮ್ಮೂರಲ್ಲಿ ಗ್ರಾಚ್ಯುಟಿ ಅಂದರೆ ಅಪ್ಪನಿಗೆ ರಿಟೈರ್ ಆದಾಗ ಬರುವ ದುಡ್ಡು. ಇಲ್ಲಿ ಹೋಟೆಲ್ ಬಿಲ್ಲಿನಲ್ಲಿ ಆ ಪದ ಕಂಡರೆ ಅದು ಟಿಪ್ಸೇ. ಮತ್ತೆ ಕೊಡಬೇಕಾಗಿಲ್ಲ.

ಹಾಗಂತ ಎಲ್ಲಾ ಕಡೆ ಕೊಡುತ್ತಾ ಹೋಗಬೇಡ. ಕೌಂಟರಿನಲ್ಲಿ ನಿಂತು ಕಾಫಿ ತೆಗೆದುಕೊಂಡರೂ ಸ್ಕ್ರೀನ್ ತಿರುಗಿಸಿ 18, 20, 25 ಅಂತ ತೋರಿಸುತ್ತಾರೆ. ಅಲ್ಲಿ ಕೊಡದಿದ್ದರೆ ತಪ್ಪಲ್ಲ, ಮುಜುಗರ ಪಡದೆ 'ನೋ ಟಿಪ್' ಒತ್ತು. ಪಾರ್ಸಲ್‌ಗೂ ಅಷ್ಟೇ. ಕೈಯಲ್ಲಿ ದುಡ್ಡು ಕಡಿಮೆ ಇರುವ ತಿಂಗಳು ಪಾರ್ಸಲ್ ತಂದು ರೂಮಿನಲ್ಲಿ ತಿನ್ನಿ. ಕೂತು ಉಂಡು ಟಿಪ್ಸ್ ಉಳಿಸುವುದಕ್ಕಿಂತ ಅದು ಎಷ್ಟೋ ಮೇಲು. ಬಫೆಗೆ 10 ಪರ್ಸೆಂಟ್ ಸಾಕು, ತಟ್ಟೆ ತೆಗೆಯುವವರು ನೀರು ತುಂಬಿಸುವವರು ಅಲ್ಲೂ ಇರುತ್ತಾರೆ. ಮನೆಗೆ ಊಟ ತರಿಸಿದರೆ ಡ್ರೈವರ್‌ಗೆ ಕೊಡು. ಡೆಲಿವರಿ ಫೀ ಅನ್ನೋದು ಅವನ ಟಿಪ್ಸ್ ಅಲ್ಲ. ರಾತ್ರಿ ಉಳಿಯೋಕೆ ರೂಮ್ ಮಾಡಿದರೆ ದಿನಾ ಬೆಳಿಗ್ಗೆ 3-4 ಡಾಲರ್ ಮೇಜಿನ ಮೇಲೆ ಇಡು, ಕೊನೆಯ ದಿನ ಒಟ್ಟಿಗೆ ಬೇಡ. ಹಾಸಿಗೆ ಸರಿಮಾಡುವವರು ದಿನಕ್ಕೊಬ್ಬರು ಬರಬಹುದು. ಡಾಕ್ಟರ್, ನರ್ಸ್, ಸರ್ಕಾರಿ ಆಫೀಸಿನವರಿಗೆ ಮಾತ್ರ ಯಾವತ್ತೂ ಕೊಡೋಕೆ ಹೋಗಬೇಡ. ಸರ್ಕಾರಿ ಆಫೀಸಿನಲ್ಲಂತೂ ಅದು ಲಂಚದ ಲೆಕ್ಕಕ್ಕೆ ಹೋಗುತ್ತದೆ.

ಮುಂದೆ ಕ್ಯಾಲಿಫೋರ್ನಿಯಾ, ವಾಷಿಂಗ್ಟನ್ ರಾಜ್ಯಗಳ ಕಡೆ ಕೆಲಸ ಸಿಕ್ಕಿದರೆ, ಅಲ್ಲಿ ಬಡಿಸುವವರಿಗೂ ಆ ರಾಜ್ಯದ ಪೂರ್ತಿ ಕನಿಷ್ಠ ಕೂಲಿ ಇದೆ. ಆದರೂ ಜನ ಕೊಡುವ ಟಿಪ್ಸ್ ಹೆಚ್ಚು ಕಡಿಮೆ ಇಷ್ಟೇ.

ಈ ಪದ್ಧತಿ ಒಳ್ಳೆಯದು ಅಂತ ನಾನು ಹೇಳಲ್ಲ. 1865ರಲ್ಲಿ ಗುಲಾಮಗಿರಿ ಮುಗಿದ ಮೇಲೆ, ಬಿಡುಗಡೆಯಾದ ಕಪ್ಪು ಜನರನ್ನು ಪುಲ್‌ಮನ್ ಅನ್ನೋ ಕಂಪನಿ ತನ್ನ ಮಲಗುವ ರೈಲು ಬೋಗಿಗಳಲ್ಲಿ ಪೋರ್ಟರ್ ಆಗಿ, ಅಂದರೆ ಪ್ರಯಾಣಿಕರ ಸೇವೆ ಮಾಡೋಕೆ, ಸೇರಿಸಿಕೊಂಡಿತು. ಸಂಬಳ ಅಷ್ಟಕ್ಕಷ್ಟೆ, ಉಳಿದದ್ದನ್ನು ಪ್ರಯಾಣಿಕರ ಕೈಗೆ ಬಿಟ್ಟಿತು. ಪೋರ್ಟರ್‌ಗಳು 1925ರಲ್ಲಿ ಸಂಘ ಕಟ್ಟಿ, ಕಂಪನಿ ಜೊತೆ ಒಪ್ಪಂದ ಮಾಡಿಕೊಳ್ಳುವ ಹೊತ್ತಿಗೆ 1937 ಬಂದಿತ್ತು. ಅಂಥ ಬೇರು ಇದಕ್ಕೆ. ಕಾನೂನು ಬದಲಾಗಬೇಕು, ನನಗೂ ಅದೇ ಆಸೆ. ಆದರೆ ನಾವು ಟಿಪ್ಸ್ ನಿಲ್ಲಿಸಿದರೆ ಮಾಲೀಕನಿಗೆ ಬಿಸಿ ತಟ್ಟಲ್ಲ. ಅವತ್ತು ರಾತ್ರಿ ಬಸ್ ಹಿಡಿದು ಮನೆಗೆ ಹೋಗುವ ಹುಡುಗಿಗೆ ತಟ್ಟುತ್ತದೆ.

ಆ ಹೋಟೆಲಿಗೆ ಇನ್ನು ಹೋಗೋಕೆ ನಾಚಿಕೆ ಆಗುತ್ತದೆ ಅಂತ ಬರೆದಿದ್ದೀಯ. ಹೋಗು. ಐದೂ ಜನ ಮೂರು ಮೂರು ಡಾಲರ್ ಹಾಕಿಕೊಳ್ಳಿ, 15 ಆಗುತ್ತದೆ. ನಗದು ಇಟ್ಟುಕೊಂಡು ಹೋಗು. ಸಂಜೆ ಐದರ ಹೊತ್ತಿಗೆ ಹೋದರೆ ಜನ ಕಡಿಮೆ ಇರುತ್ತಾರೆ. ಅವಳು ಸಿಕ್ಕಿದರೆ, ನಾವು ಹೊಸಬರು, ಗೊತ್ತಿರಲಿಲ್ಲ, ಸಾರಿ ಅಂತ ಹೇಳಿ ಕೈಗೆ ಕೊಡು. ಸಿಗದಿದ್ದರೆ ಅವಳ ಡ್ಯೂಟಿ ಯಾವತ್ತು ಅಂತ ಕೇಳಿಕೊಂಡು ಬಾ.