‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಕಾರ್ಟೂನ್ ಸರಣಿ ಬರೆದವರ ಒಲವು ಯಾರ ಕಡೆ? ಕಟಾರಾಗೆ ಜೋಡಿ ಆಂಗಾ, ಜುಕೋನಾ?

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಮಳೆಗಾಲ ಪೂರ್ತಿ ಇದೇ ಚರ್ಚೆ. ತಂಗಿ, ಆಂಗ್‌ನ ಬೆನ್ನಟ್ಟುವ ರಾಜಕುಮಾರ ಜುಕೋ ಕಡೆ; ನಾನು ಕಥಾನಾಯಕ ಆಂಗ್ ಕಡೆ.

ಬರೆದವರೂ ಆಂಗ್ ಕಡೆಗೇ ಇದ್ದರು ಅನ್ನೋದು ನನ್ನ ನಂಬಿಕೆ. ಮೊದಲ ಸೀಸನ್‌ನಲ್ಲೇ ಕಣಿ ಹೇಳುವವಳೊಬ್ಬಳು, ಕಟಾರಾ ಮದುವೆಯಾಗೋದು ಬಹಳ ಶಕ್ತಿಶಾಲಿ ಬೆಂಡರ್‌ನನ್ನು (ನೀರು, ಮಣ್ಣು, ಬೆಂಕಿ ಅಥವಾ ಗಾಳಿಯನ್ನು ಬೇಕಾದಂತೆ ಆಡಿಸಬಲ್ಲವನನ್ನು) ಅಂತಾಳೆ. ಅದೇ ಕಂತಿನ ಕೊನೆಗೆ ಆಂಗ್ ಜ್ವಾಲಾಮುಖಿಯಿಂದ ಊರನ್ನು ಉಳಿಸುತ್ತಾನೆ. ‘ಇವನೆಂಥ ಶಕ್ತಿಶಾಲಿ ಬೆಂಡರ್’ ಅಂತ ಅವಳ ಅಣ್ಣ ಸೊಕ್ಕಾ ಅಂದಾಗ ಕಟಾರಾ ತಟ್ಟನೆ ತಿರುಗುತ್ತಾಳೆ. ಸುಮ್ನೆ ಹಾಕಿದ ಮಾತಲ್ಲ ಅದು, ಅಲ್ವಾ?

ತಂಗಿಗೆ ಎರಡನೇ ಸೀಸನ್ನಿನ ಕೊನೆಯ ಗುಹೆಯ ದೃಶ್ಯವೇ ಆಧಾರ. ಅಲ್ಲಿ ಕಟಾರಾ ಜುಕೋನ ಸುಟ್ಟ ಕಲೆ ಮುಟ್ಟುತ್ತಾಳೆ. ನನಗೂ ಗಂಟಲು ಕಟ್ಟುತ್ತದೆ. ಆದರೆ ಅದರಲ್ಲಿ ಪ್ರೀತಿಗಿಂತ ಮರುಕ ಜಾಸ್ತಿ. ಸ್ವಲ್ಪ ಹೊತ್ತಿಗೇ ಜುಕೋ, ಆಂಗ್‌ನ ವೈರಿಯಾದ ತನ್ನ ತಂಗಿ ಅಜುಲಾ ಜೊತೆ ಸೇರುತ್ತಾನೆ.

2008ರ ಕೊನೆಯ ಕಂತು ಮುಗಿಯೋದೇ ಆಂಗ್–ಕಟಾರಾ ಮುತ್ತಿನಲ್ಲಿ.